ನನ್ನ ಫೋನಿನೊಳಗೆ ನೀವೂ ಇದ್ದೀರಿ

“ಫೋನು ನಮ್ಮ ಮಾತು ಕೇಳಿಸಿಕೊಳ್ಳುತ್ತೆ, ಅದರಲ್ಲಿ ನಂಗೆ ಅನುಮಾನವೇ ಇಲ್ಲ,” ಎಂದರು ಚಿಕ್ಕಮ್ಮ. ಬೆಳಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿ ಕೆಟ್ಟಿತ್ತು. ಹೊಸದು ತಗೋಬೇಕು ಅಂತ ಗಂಡನ ಹತ್ತಿರ ಹೇಳಿದ್ದಷ್ಟೆ. ಎಲ್ಲೂ ಹುಡುಕಿರಲಿಲ್ಲ, ಯಾರಿಗೂ ಮೆಸೇಜ್ ಮಾಡಿರಲಿಲ್ಲ. ಮಧ್ಯಾಹ್ನ ಫೋನು ತೆರೆದರೆ ಮೂರು ಕಂಪನಿಗಳ ಮಿಕ್ಸಿ ಸಾಲಾಗಿ ನಿಂತಿದ್ದವು.

ಚಿಕ್ಕಪ್ಪನ ಅಣ್ಣನ ಮಗಳು ಬೆಂಗಳೂರಿನಿಂದ ಮೈಸೂರಿಗೆ ರಜೆಗೆಂದು ಬಂದಿದ್ದಳು, ಮೊಬೈಲ್ ಆ್ಯಪ್ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಅವಳು ಚಿಕ್ಕಮ್ಮನ ಮಾತನ್ನು ತಳ್ಳಿಹಾಕಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿ, “ನೀವು ಬೆಳಗ್ಗೆ ಮಿಕ್ಸಿ ರೇಟು ನೋಡಿದ್ರಾ?” ಎಂದು ಕೇಳಿದಳು.

“ನೋಡಿದ್ದೆ. ಪೇಪರ್ ಓದ್ತಾ ಹಾಗೇ ನೋಡಿದೆ.”

“ಮನೆ ವೈಫೈನಲ್ಲೇ ತಾನೆ? ಅಷ್ಟು ಸಾಕು. ಒಂದೇ ವೈಫೈ, ರಾತ್ರಿ ಎರಡೂ ಫೋನು ಒಂದೇ ಮನೇಲಿ ಇರುತ್ತೆ. ಇಬ್ಬರೂ ಒಂದು ಮನೆಯವರು ಅಂತ ಜಾಹೀರಾತು ಕಂಪನಿಗಳು ಲೆಕ್ಕ ಹಾಕ್ಕೊಂಡಿರುತ್ತವೆ. ಗಂಡ ಮಿಕ್ಸಿ ನೋಡಿದ್ರೆ ಹೆಂಡತಿಗೂ ತೋರಿಸೋಣ ಅನ್ನೋದು ಅವರಿಗೆ ಬಹಳ ಹಳೇ ಲೆಕ್ಕ. ಮೈಕಿನ ಸಹಾಯವೇ ಬೇಕಾಗಿಲ್ಲ ಚಿಕ್ಕಮ್ಮ.”

ಈ ಅನುಮಾನ ಮನೆಮನೆಯದು, ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಕದ್ದು ಕಳಿಸುವ ಆ್ಯಪ್ ಒಂದೂ ಸಿಗಲಿಲ್ಲ. ಆದರೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ ಸಿಕ್ಕಿತು. ಬಳಸುವವರು ಪರದೆಯ ಮೇಲೆ ಏನು ಮಾಡುತ್ತಿದ್ದಾರೆ ಎಂಬುದನ್ನು ವಿಡಿಯೊ ಮಾಡಿ, ಅವರಿಗೆ ತಿಳಿಸದೆ ಬೇರೊಂದು ಕಂಪನಿಗೆ ರವಾನಿಸುವ ಆ್ಯಪ್ ಅವರ ಕೈಗೆ ಬಿತ್ತು. ಜನ ಮೈಕಿಗೆ ಹೆದರುತ್ತಿದ್ದಾಗ ಸೋರಿಕೆ ಆಗುತ್ತಿದ್ದದ್ದು ಪರದೆಯಿಂದ.

“ಹಾಗಾದ್ರೆ ಮಾತು ಯಾರೂ ಕೇಳಿಸಿಕೊಳ್ಳೋದೇ ಇಲ್ಲ ಅಂತೀಯಾ?” ಚಿಕ್ಕಮ್ಮ ಬಿಡಲಿಲ್ಲ.

“ಹಾಗೆ ಹೇಳೋಕಾಗಲ್ಲ. ಕೂಗಿದರೆ ಓಗೊಡೋ ಅಸಿಸ್ಟೆಂಟ್‌ಗಳಿವೆಯಲ್ಲ, ಅಲೆಕ್ಸಾ, ಸಿರಿ, ಗೂಗಲ್ ಅಸಿಸ್ಟೆಂಟ್. ಅವು ರೆಕಾರ್ಡ್ ಮಾಡಿದ ಮಾತಿನ ತುಣುಕುಗಳನ್ನ ಗುತ್ತಿಗೆ ನೌಕರರು ಕೂತು ಕೇಳ್ತಿದ್ರು ಅನ್ನೋದು 2019ರಲ್ಲಿ ಹೊರಗೆ ಬಂತು. ತಪ್ಪಿ ಆನ್ ಆದಾಗ ಸೇರಿಕೊಂಡ ಮನೆ ಮಾತೂ ಅದರಲ್ಲಿತ್ತು. ನಿಮ್ಮ ಭಯ ಸುಳ್ಳಲ್ಲ. ಆದ್ರೆ ಈ ಮಿಕ್ಸಿಗೆ ಅಷ್ಟು ಕಷ್ಟ ಯಾರೂ ಪಟ್ಟಿಲ್ಲ.”

ಅಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಪ್ಪ ಬಾಯಿ ತೆರೆದರು. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು. “ಕೇಳಿಸಿಕೊಂಡ್ರೆ ಕೇಳಿಸಿಕೊಳ್ಳಲಿ, ನೋಡಿದ್ರೆ ನೋಡ್ಲಿ. ನಾವೇನು ಕಳ್ಳತನ ಮಾಡಿದ್ದೀವಾ? ಮುಚ್ಚಿಡೋಕೆ ನಮ್ಮ ಹತ್ರ ಏನಿದೆ? ಮಿಕ್ಸಿ ಬೇಕಿತ್ತು, ಮಿಕ್ಸಿ ತೋರಿಸಿದ. ನಷ್ಟ ಏನಾಯ್ತು?”

ಈ ಪ್ರಶ್ನೆಯನ್ನು ಕೇಳದ ಮನೆ ಇಲ್ಲ. ಹುಡುಗಿ ನೇರವಾಗಿ ಉತ್ತರಿಸಲಿಲ್ಲ. “ಚಿಕ್ಕಪ್ಪ, ನೀವು ಬ್ಯಾಂಕಲ್ಲಿದ್ದಾಗ ಯಾರಾದ್ರೂ ಬಂದು ಇನ್ನೊಬ್ಬರ ಖಾತೇಲಿ ಎಷ್ಟಿದೆ ಅಂತ ಕೇಳಿದ್ರೆ ಹೇಳ್ತಿದ್ರಾ?”

ಅವರ ಮುಖಭಾವವೇ ಬದಲಾಯಿತು. “ಕೆಲಸಕ್ಕೆ ಸೇರೋವಾಗಲೇ ಗೋಪ್ಯತೆ ಕಾಪಾಡ್ತೀನಿ ಅಂತ ಬರೆದು ಸಹಿ ಹಾಕಿದೋನು ನಾನು. ಒಂದ್ಸಲ ನಮ್ಮ ಬೀದಿಯವರೇ ಬಂದಿದ್ರು. ಮಗ ಕೆಲಸಕ್ಕೆ ಸೇರಿದಾನೆ, ಮನೆಗೆ ಕಾಸು ಕೊಡ್ತಿಲ್ಲ, ಖಾತೇಲಿ ಎಷ್ಟಿದೆ ಒಂದು ಮಾತು ಹೇಳಿ ಸ್ವಾಮಿ ಅಂದ್ರು. ಕಾಫಿ ತರಿಸಿ ಕೊಟ್ಟು ಕಳಿಸಿದೆ. ಲೆಡ್ಜರ್ ಮಾತ್ರ ತೆಗೀಲಿಲ್ಲ.”

“ಆ ಮಗ ಕಳ್ಳನಾ?”

“ಪಾಪ, ಒಳ್ಳೇ ಹುಡುಗ.”

“ಮತ್ತೆ ಯಾಕೆ ಹೇಳಲಿಲ್ಲ?”

“ಅವನ ದುಡ್ಡು, ಅವನ ಲೆಕ್ಕ. ಅಪ್ಪನಿಗೆ ಹೇಳಬೇಕಾದೋನು ಅವನು, ನಾನಲ್ಲ.” ಹೇಳಿ ಮುಗಿಸುವಷ್ಟರಲ್ಲಿ ತಮ್ಮ ಮಾತು ಎಲ್ಲಿಗೆ ಬಂತೆಂದು ಅವರಿಗೇ ಹೊಳೆಯಿತು. ಆದರೂ, “ಬ್ಯಾಂಕು ಬೇರೆ, ಮಿಕ್ಸಿ ಬೇರೆ,” ಎಂದು ಸೇರಿಸಿದರು.

ಕಳ್ಳನಲ್ಲದವನಿಗೆ ಗುಟ್ಟೇಕೆ ಎಂಬ ವಾದ ನಮ್ಮ ಸುಪ್ರೀಂ ಕೋರ್ಟಿನಲ್ಲೂ ದೀರ್ಘ ದಾರಿ ನಡೆದಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ಡಕಾಯಿತಿ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಹೆಸರು ಮಾತ್ರ ಪೊಲೀಸರ ಕಣ್ಗಾವಲು ಪಟ್ಟಿಯಲ್ಲಿ ಉಳಿಯಿತು. ರಾತ್ರಿ ಹೊತ್ತು ಕಾನ್‌ಸ್ಟೆಬಲ್‌ಗಳು ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರ ತೀರ್ಪು ಆ ರಾತ್ರಿ ಭೇಟಿಗಳನ್ನು ತಡೆಯಿತು, ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೇ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅದನ್ನು ಒಪ್ಪದೆ ಭಿನ್ನ ತೀರ್ಪು ಬರೆದರು. ಅವರ ಕಡೆಗೆ ನ್ಯಾಯಾಲಯ ಬರಲು ಐದು ದಶಕ ಮೀರಿ ಕಾಲ ಹಿಡಿಯಿತು. ತಂದವರು ನಮ್ಮವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ತೀರ್ಪಿಗೆ ಇಂದಿಗೂ ಅವರದೇ ಹೆಸರು. 2024ರಲ್ಲಿ ತೀರಿಕೊಂಡ ಆ ಹಿರಿಯರನ್ನು ನಮ್ಮ ಶಾಲೆಯ ಮಕ್ಕಳಿಗೆ ಇನ್ನಾದರೂ ಪರಿಚಯಿಸಬೇಕು.

“ಸರಿ, ಹಕ್ಕು ಅಂತಲೇ ಇಟ್ಟುಕೋ,” ಎಂದರು ಚಿಕ್ಕಪ್ಪ. “ಆದ್ರೆ ಒಂದು ಮಾತು ಕೇಳು. ನಾನು ಸೇರಿದ ಕಾಲದಲ್ಲಿ ತಳ್ಳುಗಾಡಿಯೋನು ಸಾಲ ಕೇಳಿದ್ರೆ ಕೊಡೋಕೆ ನಮ್ಮ ಹತ್ರ ಆಧಾರವೇ ಇರ್ತಿರಲಿಲ್ಲ. ಆಸ್ತಿ ಇಲ್ಲ, ಸಂಬಳದ ಚೀಟಿ ಇಲ್ಲ, ಜಾಮೀನುದಾರ ಇಲ್ಲ. ಅವನು ಮೀಟರ್ ಬಡ್ಡಿಗೆ ಹೋಗ್ತಿದ್ದ. ಇವತ್ತು ದಿನಾ ಯುಪಿಐನಲ್ಲಿ ಬೀಳೋ ಹತ್ತು ಇಪ್ಪತ್ತು ರೂಪಾಯಿಯೇ ಅವನ ಲೆಕ್ಕದ ಪುಸ್ತಕ. ನನ್ನ ಕಾರ್ಡಿಂದ ನಡುರಾತ್ರಿ ಎಲ್ಲೋ ದೂರದ ಊರಲ್ಲಿ ದುಡ್ಡು ಎಳೆಯೋಕೆ ಹೊರಟ್ರೆ ಬ್ಯಾಂಕು ತಡೆಯೋದು ಹೇಗೆ? ನಾನು ದಿನಾ ಎಲ್ಲಿ, ಎಷ್ಟು ಖರ್ಚು ಮಾಡ್ತೀನಿ ಅಂತ ಅದಕ್ಕೆ ಗೊತ್ತಿರೋದ್ರಿಂದ. ಎಲ್ಲಾ ಮುಚ್ಚಿಟ್ಟರೆ ಇದೆಲ್ಲ ಆಗುತ್ತಾ?”

ಈ ಮಾತಿಗೆ ತೂಕವಿದೆ. ಮಾಹಿತಿ ಸಂಗ್ರಹವೆಂದರೆ ಕೇಡೇ ಎಂದು ವಾದಿಸುವವರು ತಳ್ಳುಗಾಡಿಯವನ ಎದುರು ನಿಂತು ಉತ್ತರ ಹೇಳಬೇಕಾಗುತ್ತದೆ. ಹುಡುಗಿಯೂ ಒಪ್ಪಿದಳು. “ಬ್ಯಾಂಕು ನಿಮ್ಮ ಖರ್ಚು ನೋಡಿ ಮೋಸ ತಡೆದ್ರೆ ನಂದೇನೂ ತಕರಾರಿಲ್ಲ. ಒಂದು ಕೆಲಸಕ್ಕೆ ಅಂತ ಕೊಟ್ಟಿದ್ದು ಇನ್ನೊಂದಕ್ಕೆ ಹೋಗುತ್ತಲ್ಲ, ಜಗಳ ಇರೋದು ಅಲ್ಲಿ. ಮಂಗಳೂರಿನಲ್ಲಿ ಆಗಿದ್ದು ನೆನಪಿದೆಯಾ?”

ಚಿಕ್ಕಪ್ಪನಿಗೆ ಚೆನ್ನಾಗಿ ನೆನಪಿತ್ತು. 2023ರಲ್ಲಿ ಮಂಗಳೂರಿನ ಹಲವರ ಖಾತೆಗಳಿಂದ ಹಣ ಮಾಯವಾಯಿತು. ಒಟಿಪಿ ಬಂದಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಪಿನ್ ಹೇಳಿರಲಿಲ್ಲ. ಅವರಲ್ಲಿ ಬಹುತೇಕರು ಸ್ವಲ್ಪ ಹಿಂದೆ ಆಸ್ತಿ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದವರು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಬೇಕಿರುವುದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು, ಅಷ್ಟೆ. ದಾಖಲೆಯ ನಕಲಿನಲ್ಲಿದ್ದ ಗುರುತಿನಿಂದ ಬೆರಳಚ್ಚಿನ ಅಚ್ಚು ತಯಾರಿಸಿ ವಂಚಕರು ಹಣ ಎಳೆದಿದ್ದರು. ಆಮೇಲೆ ನೋಂದಣಿ ಇಲಾಖೆ ಆನ್‌ಲೈನ್ ನಕಲುಗಳಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮಕ್ಕೆ ಇಳಿಯಿತು. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ ಎಂಬುದು ಎಷ್ಟೋ ಜನಕ್ಕೆ ತಿಳಿದದ್ದೇ ಆಗ.

“ಕಾರ್ಡಿನ ಪಿನ್ ಕಳವಾದ್ರೆ ಬದಲಾಯಿಸ್ತೀವಿ. ಹೆಬ್ಬೆಟ್ಟು ಕಳವಾದ್ರೆ?” ಎಂದಳು ಅವಳು.

ಚಿಕ್ಕಪ್ಪ ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿಕೊಂಡರು. “ಅದು ವಂಚಕರ ಕೆಲಸ. ಕಂಪನಿಗಳು ಹಾಗಲ್ಲವಲ್ಲ. ಹೆಸರು ತೆಗೆದೇ ಮಾಹಿತಿ ಇಟ್ಕೊಳ್ತೀವಿ ಅಂತ ಬರೆದಿರ್ತಾರೆ.”

“ಹೆಸರು ತೆಗೆದ್ರೆ ಸಾಲದು ಚಿಕ್ಕಪ್ಪ. 2006ರಲ್ಲಿ ಎಒಎಲ್ ಅನ್ನೋ ಅಮೆರಿಕದ ಇಂಟರ್ನೆಟ್ ಕಂಪನಿ ಸಂಶೋಧನೆಗೆ ಅನುಕೂಲವಾಗಲಿ ಅಂತ ಸುಮಾರು ಆರೂವರೆ ಲಕ್ಷ ಜನರ ಹುಡುಕಾಟಗಳನ್ನ ಹೆಸರಿನ ಬದಲು ಒಂದೊಂದು ನಂಬರ್ ಹಾಕಿ ಬಿಡುಗಡೆ ಮಾಡ್ತು. ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ನಂಬರಿನ ಹುಡುಕಾಟ ಓದ್ತಾ ಓದ್ತಾ ಜಾರ್ಜಿಯಾದ ಒಬ್ಬ ವಯಸ್ಸಾದ ಹೆಂಗಸಿನ ಮನೆ ಬಾಗಿಲಿಗೇ ಹೋಗಿ ನಿಂತ್ರು. ಊರಿನ ತೋಟಗಾರರು, ತಮ್ಮದೇ ಅಡ್ಡಹೆಸರಿನವರು, ನಾಯಿ ತೊಂದರೆ ಇಂಥದ್ದೆಲ್ಲ ಹುಡುಕಿದ್ರು ಆ ತಾಯಿ. ಅಷ್ಟರಲ್ಲೇ ಗುರುತು ಹತ್ತಿತ್ತು. ಓಡಾಟದ ಮಾಹಿತಿಯಂತೂ ಇನ್ನೂ ಸುಲಭ. 2013ರ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ ಮೊಬೈಲ್ ದಾಖಲೆ ನೋಡಿದ್ರು. ಯಾವ ಹೊತ್ತಲ್ಲಿ ಎಲ್ಲಿದ್ರು ಅನ್ನೋ ನಾಲ್ಕು ಬಿಂದು ಸಿಕ್ಕಿದ್ರೆ ನೂರರಲ್ಲಿ 95 ಜನರನ್ನ ಉಳಿದವರಿಂದ ಬೇರೆ ಮಾಡಬಹುದಿತ್ತು. ನಿಮ್ಮದೇ ತಗೊಳ್ಳಿ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ, ಆಮೇಲೆ ದೇವರಾಜ ಮಾರುಕಟ್ಟೆ, ಗುರುವಾರ ರಾಯರ ಮಠ, ರಾತ್ರಿ ಈ ಮನೆ. ಇಷ್ಟನ್ನೂ ಒಟ್ಟಿಗೆ ಮಾಡೋರು ಮೈಸೂರಲ್ಲಿ ಎಷ್ಟು ಜನ?”

ಉತ್ತರ ಬಂದದ್ದು ಚಿಕ್ಕಮ್ಮನಿಂದ. “ಇವರೊಬ್ಬರೇ.”

ಇಷ್ಟಾದರೂ ಚಿಕ್ಕಪ್ಪನ ಮೂಲ ಪ್ರಶ್ನೆ ಹಾಗೇ ಇತ್ತು. ತಮ್ಮ ಮಾಹಿತಿ ಹೋದರೆ ಹೋಗಲಿ, ತಾವು ಒಪ್ಪಿ ಕೊಟ್ಟದ್ದು, ಯಾರಿಗೇನು ತೊಂದರೆ ಎಂಬುದು ಅವರ ನಿಲುವು. ಹುಡುಗಿ ಚಿಕ್ಕಮ್ಮನ ಫೋನನ್ನು ಕೇಳಿ ತೆಗೆದುಕೊಂಡು ಕಾಂಟ್ಯಾಕ್ಟ್ ಪಟ್ಟಿ ತೆರೆದಳು. ಅದರಲ್ಲಿ ಹಾಲಿನವರಿದ್ದರು, ಹೂವಿನವಳಿದ್ದಳು, ಚೀಟಿ ಅಕ್ಕ ಇದ್ದರು. ‘ಶುಗರ್ ಡಾಕ್ಟರ್’, ‘ಮನೋವೈದ್ಯರು ಸರಸ್ವತಿಪುರಂ’, ‘ದೊಡ್ಡವಳ ಅತ್ತೆ’, ‘ಡೈವೋರ್ಸ್ ಲಾಯರ್’ ಎಂದೆಲ್ಲ ಇತ್ತು. ಲಾಯರ್ ನಂಬರು ಇಟ್ಟುಕೊಂಡದ್ದು ತಂಗಿಯ ಮಗಳಿಗಾಗಿ. ವೈದ್ಯರದು ಪಕ್ಕದ ಮನೆಯವರಿಗೆ ಬೇಕಾಗಿತ್ತೆಂದು. ಒಂದು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ಮೂರ್ನಾಲ್ಕು ಸಂಸಾರಗಳ ಕಷ್ಟಸುಖ ಅಲ್ಲೇ ಇತ್ತು.

“ಕರೆ ಮಾಡಿದೋರ ಹೆಸರು ತೋರಿಸುತ್ತೆ ಅಂತ ಒಂದು ಆ್ಯಪ್ ಹಾಕ್ಕೊಂಡಿದ್ದೀರಿ, ಸಾಮಾನಿನ ಅಂಗಡಿಯದು ಒಂದು, ರಂಗೋಲಿ ಆ್ಯಪ್ ಒಂದು. ಮೂರಕ್ಕೂ ಈ ಪಟ್ಟಿ ಓದೋ ಅನುಮತಿ ಕೊಟ್ಟಿದ್ದೀರಿ ಚಿಕ್ಕಮ್ಮ. ಒಪ್ಪಿದ್ದು ನೀವು. ಆ ಹುಡುಗಿ ಒಪ್ಪಿದ್ಲಾ? ಪಕ್ಕದ ಮನೆಯವರು ಒಪ್ಪಿದ್ರಾ?”

ಚಿಕ್ಕಮ್ಮ ಸಣ್ಣಗೆ, “ರಂಗೋಲಿಗೆ ಯಾಕಮ್ಮ ಬೇಕು ಇದು?” ಎಂದರು.

ಇಡೀ ವಾದದ ತಿರುಳು ಇರುವುದು ಇಲ್ಲೇ. ನನ್ನ ಮಾಹಿತಿ ಎಂದು ನಾವು ಕರೆಯುವುದರಲ್ಲಿ ಪೂರ್ತಿ ನಮ್ಮದೇ ಆದದ್ದು ಬಹಳ ಕಡಿಮೆ. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಕಂಪನಿಯ ಹಗರಣ ಹೊರಬಿದ್ದಾಗ ಜಗತ್ತಿನಾದ್ಯಂತ 8.7 ಕೋಟಿ ಜನರ ಮಾಹಿತಿ ಹೋಗಿರಬಹುದೆಂದು ಫೇಸ್‌ಬುಕ್ ಹೇಳಿತು. ಎಲ್ಲದಕ್ಕೂ ದಾರಿ ಮಾಡಿಕೊಟ್ಟದ್ದು ವ್ಯಕ್ತಿತ್ವ ಪರೀಕ್ಷೆಯ ಒಂದು ಆ್ಯಪ್. ಭಾರತದಲ್ಲಿ ಅದನ್ನು ಹಾಕಿಕೊಂಡಿದ್ದವರು ಕೇವಲ 335 ಮಂದಿ. ಮಾಹಿತಿ ಹೋಗಿರಬಹುದಾದ ಭಾರತೀಯರು ಮಾತ್ರ ಸುಮಾರು 5.62 ಲಕ್ಷ. ಅಷ್ಟೂ ಜನ ಮಾಡಿದ ತಪ್ಪೆಂದರೆ ಆ್ಯಪ್ ಹಾಕಿಕೊಂಡ ಯಾರದೋ ಸ್ನೇಹಿತರ ಪಟ್ಟಿಯಲ್ಲಿ ಇದ್ದದ್ದು.

ಹತ್ತಿರದ ಉದಾಹರಣೆ ಬೇಕೆಂದರೆ ಸಾಲದ ಆ್ಯಪ್‌ಗಳಿವೆ. ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡವರು ಐದು ಹತ್ತು ಸಾವಿರಕ್ಕೆ ಅವುಗಳ ಮೊರೆಹೋದರು. ಆ್ಯಪ್ ಹಾಕಿಕೊಳ್ಳುವಾಗಲೇ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳು ಅವರ ಕೈ ಸೇರುತ್ತಿದ್ದವು. ಕಂತು ಒಂದು ದಿನ ತಡವಾದರೆ ಕರೆ ಹೋಗುತ್ತಿದ್ದದ್ದು ಸಾಲಗಾರನಿಗೆ ಮಾತ್ರವಲ್ಲ, ಅವನ ಬಾಸ್‌ಗೆ, ಭಾವಮೈದುನನಿಗೆ, ಮಗಳ ಟೀಚರ್‌ಗೆ. ಫೋಟೊ ತಿದ್ದಿ ಅಸಹ್ಯ ಮಾಡಿ ನೆಂಟರಿಷ್ಟರ ವಾಟ್ಸ್ಆ್ಯಪ್‌ಗೆ ಕಳಿಸಿದರು. ಮಾನಕ್ಕೆ ಅಂಜಿ ಜೀವ ಕಳೆದುಕೊಂಡವರಿದ್ದಾರೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕರೆ ವಿವರ, ಫೈಲುಗಳನ್ನು ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ಹೇಳಿತು. 2023ರ ಮೇ ಕೊನೆಯಿಂದ ಗೂಗಲ್ ಪ್ಲೇಸ್ಟೋರ್ ಕೂಡ ಅದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿತ್ತು. ಸಾಲ ಮಾಡದವರ ಫೋನೂ ಹೊಡೆದುಕೊಂಡಿತ್ತು.

ಚಿಕ್ಕಪ್ಪ ಈ ಸಲ ಬ್ಯಾಂಕಿನ ಮನುಷ್ಯನಾಗಿಯೇ ಸಿಟ್ಟಾದರು. “ನಾವು ವಸೂಲಿಗೆ ಹೋದ್ರೆ ಸಾಲಗಾರನ ಮನೆ ಕಟ್ಟೆ ಮೇಲೆ ಕೂತು ಮೆತ್ತಗೆ ಮಾತಾಡ್ತಿದ್ವಿ. ಪಕ್ಕದ ಮನೆಯೋರಿಗೆ ಯಾಕೆ ಬಂದೆವು ಅಂತ ಗೊತ್ತಾಗಬಾರದು ಅಂತ. ಇದು ಬ್ಯಾಂಕಿಂಗ್ ಅಲ್ಲ, ರೌಡಿತನ.” ಸ್ವಲ್ಪ ತಡೆದು, “ನೀನೂ ಇಂಥ ಆ್ಯಪ್ ಮಾಡೋಳೇ ತಾನೆ?” ಎಂದರು.

“ಸಾಲದ್ದಲ್ಲ. ಆದ್ರೆ ನಾನು ಬರೆಯೋ ಕೋಡ್‌ನಲ್ಲೂ ಇವೆಂಟ್‌ಗಳಿರ್ತವೆ. ಯಾರು ಯಾವ ಬಟನ್ ಒತ್ತಿದ್ರು, ಯಾವ ಪುಟದಲ್ಲಿ ಎಷ್ಟು ಹೊತ್ತಿದ್ರು, ಎಲ್ಲಿ ಬೇಜಾರಾಗಿ ಹೊರಗೆ ಹೋದ್ರು, ಎಲ್ಲಾ ಬರುತ್ತೆ. ಆ್ಯಪ್ ಎಲ್ಲಿ ಕೈಕೊಡ್ತಿದೆ ಅಂತ ಗೊತ್ತಾಗೋಕೆ ಅದು ಬೇಕು. ಜೊತೆಗೆ ಬೇರೆ ಕಂಪನಿಗಳ ಕೋಡ್ ತುಣುಕುಗಳನ್ನೂ ಸೇರಿಸ್ತೀವಿ, ಎಸ್‌ಡಿಕೆ ಅಂತೀವಿ. ಫೋನಿನ ಜಾಹೀರಾತು ಐಡಿ ಅದರ ಮೂಲಕ ಅವರಿಗೆ ಹೋಗುತ್ತೆ. ಈ ಐಡಿಯೋರು ಈಗ ಪರದೆ ಮುಂದೆ ಇದ್ದಾರೆ ಅಂತ ಹರಾಜು ನಡೆದು, ಕಣ್ಣು ಮಿಟುಕಿಸೋದ್ರೊಳಗೆ ಗೆದ್ದೋರ ಜಾಹೀರಾತು ಬಂದು ಕೂರುತ್ತೆ. ಬೇಕಿರೋದು ಎಷ್ಟು, ಸುಮ್ಮನೆ ಇರಲಿ ಅಂತ ಬಾಚಿಕೊಳ್ಳೋದು ಎಷ್ಟು ಅಂತ ಮೀಟಿಂಗ್‌ಗಳಲ್ಲಿ ನಾನು ಕೇಳ್ತೀನಿ. ಇನ್ಮೇಲೆ ಇನ್ನೂ ಗಟ್ಟಿಯಾಗಿ ಕೇಳ್ತೀನಿ.”

“ಕೇಳಿದ್ರೆ ಯಾರು ಬಿಡ್ತಾರೆ?”

“ಬಿಡಲ್ಲ ಅಂತೇನಿಲ್ಲ. ಬೇರೆ ಆ್ಯಪ್‌ಗಳಲ್ಲಿ ನಿಮ್ಮ ಬೆನ್ನುಹತ್ತಬಹುದಾ ಅಂತ ಮೊದಲು ಬಳಕೆದಾರರನ್ನ ಕೇಳಬೇಕು ಅಂತ ಆಪಲ್ 2021ರ ಏಪ್ರಿಲ್‌ನಲ್ಲಿ ಐಫೋನ್‌ಗಳಲ್ಲಿ ಕಡ್ಡಾಯ ಮಾಡ್ತು. ಬಹಳ ಜನ ಬೇಡ ಅಂದ್ರು. ಇದರಿಂದ 2022ರಲ್ಲಿ ತನ್ನ ಆದಾಯಕ್ಕೆ ಸುಮಾರು 1,000 ಕೋಟಿ ಡಾಲರ್ ಪೆಟ್ಟು ಬೀಳಬಹುದು ಅಂತ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯೇ ಅಂದಾಜು ಕೊಡ್ತು. ಒಂದು ಪ್ರಶ್ನೆ ಚಿಕ್ಕಪ್ಪ, ಬರೀ ಒಂದು ಪ್ರಶ್ನೆ ಕೇಳಿದ್ದಕ್ಕೆ.”

ಆಂಡ್ರಾಯ್ಡ್ ಫೋನಿನಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ ಜಾಹೀರಾತು ಐಡಿಯನ್ನು ಅಳಿಸಿಹಾಕಬಹುದು. ಯಾವ ಆ್ಯಪ್‌ಗೆ ಯಾವ ಅನುಮತಿ ಎಂದು ಪಟ್ಟಿ ನೋಡಿ ಒಂದೊಂದಾಗಿ ಕಿತ್ತುಹಾಕಬಹುದು. ಚಿಕ್ಕಮ್ಮ ಮೊದಲು ರಂಗೋಲಿಯ ಅನುಮತಿ ಕಿತ್ತರು. ಆ್ಯಪ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು, ಎಳೆ ರಂಗೋಲಿ, ಚುಕ್ಕಿ ರಂಗೋಲಿ ಎಲ್ಲ ಇದ್ದಲ್ಲೇ ಇದ್ದವು. ಆ ಪಟ್ಟಿ ಅದಕ್ಕೆ ಬೇಕಾಗಿಯೇ ಇರಲಿಲ್ಲ.

ಹಾಗಾದರೆ ಕಾನೂನು? ಕೇಳಿದವರು ಚಿಕ್ಕಪ್ಪ, ಅವರಿಗೆ ಕಾನೂನಿನಲ್ಲಿ ನಂಬಿಕೆ ಜಾಸ್ತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಆಯಿತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ, ಅಂದರೆ 2027ರ ಮೇ. ಆಗ, ಒಪ್ಪಿಗೆ ಪಡೆದು ತಮ್ಮ ಮಾಹಿತಿ ಇಟ್ಟುಕೊಂಡ ಸಂಸ್ಥೆಯನ್ನು ಯಾರು ಬೇಕಾದರೂ ಕೇಳಬಹುದು: ನನ್ನದು ಏನೇನಿದೆ, ಯಾರ್ಯಾರಿಗೆ ಕೊಟ್ಟಿದ್ದೀರಿ, ತಪ್ಪಿದ್ದರೆ ತಿದ್ದಿ, ಬೇಡವಾದರೆ ಅಳಿಸಿ. ಮಾಹಿತಿ ಸೋರಿಕೆ ತಡೆಯಲು ತಕ್ಕ ಭದ್ರತೆ ಮಾಡಿಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು.

“ಒಳ್ಳೇ ಕಾನೂನೇ ಆಯ್ತಲ್ಲ,” ಎಂದರು ಚಿಕ್ಕಪ್ಪ.

“ಅರ್ಧ ಒಳ್ಳೇದು. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳೋ ಅವಕಾಶ ಇಟ್ಟುಕೊಂಡಿದೆ. ಇನ್ನೊಂದು, ನಿಮಗೇ ಸಂಬಂಧಪಟ್ಟಿದ್ದು. ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಒಂದು ಕಲಮನ್ನೂ ತಿದ್ದಿದೆ. ಅದಕ್ಕೆ 2027ರವರೆಗೆ ಕಾಯೋದೇನಿಲ್ಲ, ನವೆಂಬರ್‌ನಲ್ಲೇ ಜಾರಿಯಾಯ್ತು.”

ಬಡಾವಣೆಯ ಚರಂಡಿ, ಪಾರ್ಕು ಕಾಮಗಾರಿಗಳ ಬಗ್ಗೆ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಚಿಕ್ಕಪ್ಪನ ನಿವೃತ್ತ ಜೀವನದ ನಿತ್ಯಕರ್ಮ. ಅವರು ಕುರ್ಚಿಯಲ್ಲಿ ಮುಂದೆ ಸರಿದರು. ಮೊದಲು ಆ ಕಲಮಿನ ಪ್ರಕಾರ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇರಬಾರದಿತ್ತು, ಇಲ್ಲವೇ ಅದನ್ನು ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗಬೇಕಿತ್ತು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿತ್ತು. ಈಗ ಆ ಮಾತುಗಳು ಹೋಗಿ, ವೈಯಕ್ತಿಕ ಮಾಹಿತಿ ಎಂಬಷ್ಟೇ ಉಳಿದಿದೆ.

“ಅಂದ್ರೆ ಟೆಂಡರ್ ಯಾರಿಗೆ ಹೋಯ್ತು ಅಂತ ಕೇಳಿದ್ರೆ, ಅದು ಗುತ್ತಿಗೆದಾರನ ವೈಯಕ್ತಿಕ ವಿಷಯ ಅಂತ ಬರೆದು ಕಳಿಸಬಹುದಾ?”

“ಕಳಿಸೋಕೆ ನೋಡಬಹುದು. ಸಾರ್ವಜನಿಕ ಹಿತ ದೊಡ್ಡದಾದ್ರೆ ಕೊಡಬೇಕು ಅನ್ನೋ ಎಂಟು ಎರಡನೇ ಕಲಮು ಹಾಗೇ ಇದೆ. ಅದನ್ನ ಹಿಡಿದು ಮೇಲ್ಮನವಿ ಹೋಗಬಹುದು.”

“ದೊಡ್ಡದು ಯಾವುದು ಅಂತ ಮೊದಲು ತೀರ್ಮಾನ ಮಾಡೋನು ಅದೇ ಆಫೀಸಿನ ಅಧಿಕಾರಿ ಅಲ್ವಾ? ಪುಟ್ಟಸ್ವಾಮಿಯವರು ಹೋರಾಡಿದ್ದು ಇದಕ್ಕಲ್ಲ. ನನ್ನ ಮನೆ ಬಾಗಿಲು ಹಾಕ್ಕೊಳ್ಳೋ ಹಕ್ಕು ನನಗೆ ಬೇಕು, ಪಾಲಿಕೆ ಬಾಗಿಲು ಹಾಕ್ಕೊಳ್ಳೋಕೆ ಅಲ್ಲ.” ಆಗಿನಿಂದ ಮುಚ್ಚಿಡೋಕೆ ಏನಿದೆ ಎನ್ನುತ್ತಿದ್ದವರು ಯಾರು ಏನನ್ನು ಮುಚ್ಚಿಡಬಹುದು ಎಂಬ ಲೆಕ್ಕಕ್ಕೆ ಇಳಿದಿದ್ದರು, ಖಾಸಗಿತನದ ಪರವಾಗಿ ಅವಳಿಗಿಂತ ಜೋರಾಗಿ.

ಚಿಕ್ಕಮ್ಮನಿಗೆ ಇಷ್ಟು ದೂರದ ಮಾತು ಬೇಕಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗ ನಂಬರ್ ಹೇಳಿ ಮೇಡಂ ಎಂದಾಗ ಹೇಳಲೇಬೇಕಾ ಎಂದು ಕೇಳಿದರು. ಬೇಕಾಗಿಲ್ಲ, ಬಿಲ್ ಕೊಡಲು ಮೊಬೈಲ್ ನಂಬರಿಗೆ ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ ಎಂದಳು ಹುಡುಗಿ. ಕಂಪ್ಯೂಟರು ತಗೊಳ್ಳಲ್ಲ ಮೇಡಂ ಅಂತಾನಲ್ಲ ಆ ಹುಡುಗ? ತಗೊಳ್ಳದಿದ್ದರೆ ಸೀರೆ ಅಲ್ಲೇ ಬಿಟ್ಟು ಬನ್ನಿ, ಎರಡೇ ಸಲಕ್ಕೆ ಕಂಪ್ಯೂಟರು ಕಲಿಯುತ್ತೆ.

ಚಿಕ್ಕಪ್ಪ ಆಗಲೇ ಬಿಳಿ ಹಾಳೆ ತಂದು ಒಕ್ಕಣೆ ಶುರುಮಾಡಿದ್ದರು. ನನ್ನ ಕುರಿತು ತಮ್ಮಲ್ಲಿರುವ ಮಾಹಿತಿ, ಅದನ್ನು ಹಂಚಿಕೊಂಡ ಸಂಸ್ಥೆಗಳ ಹೆಸರು ತಿಳಿಸಬೇಕಾಗಿ ಕೋರಿಕೆ. ಉತ್ತರ ಕೊಡಲೇಬೇಕಾದ್ದು 2027ರಿಂದ ಎಂದು ಹುಡುಗಿ ನೆನಪಿಸಿದಳು. “ಕೇಳೋಕೆ ಯಾವ ನಿಯಮ ಅಡ್ಡಿ? ಈಗ ಒಂದು ಹಾಕೋಣ, ಆಗ ಇನ್ನೊಂದು ಹಾಕೋಣ,” ಎಂದರು ಅವರು. ಮೊದಲ ಪತ್ರ ಯಾರಿಗೆ ಎಂಬುದರಲ್ಲಿ ಮಾತ್ರ ಒಮ್ಮತವಾಗಲಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿದ ವಾರದೊಳಗೆ ಕನ್ನಡಕದ ಅಂಗಡಿಗಳಿಂದ ಕರೆ ಬರತೊಡಗಿದ ಆಸ್ಪತ್ರೆಗೆ ಬರೆಯಬೇಕೆಂದು ಅವರ ಹಟ. ಬಟ್ಟೆ ಅಂಗಡಿಗೇ ಮೊದಲು ಎಂದು ಚಿಕ್ಕಮ್ಮ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ಸಾಕು, ಅವರು ಹೆಜ್ಜೆಯನ್ನೇ ಇಡದ ಅಂಗಡಿಗಳಿಂದೆಲ್ಲ ರಿಯಾಯಿತಿ ಮೆಸೇಜು ಬರುತ್ತವೆ.